ವಿಂಡೋಸ್ 10 ಬಿಟ್ಟು ಲಿನಕ್ಸ್‌ಗೆ ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಎಂಟೊಂಬತ್ತು ವರ್ಷ ಹಳೆಯ ಲ್ಯಾಪ್‌ಟಾಪ್ ಇದೆ, ವಿಂಡೋಸ್ 11 ಅದಕ್ಕೆ ಹಿಡಿಸಲ್ಲ ಅಂತಿದೆ, ಹೊಸದು ಕೊಳ್ಳೋಕೆ ಮನಸ್ಸಿಲ್ಲ ಅಥವಾ ದುಡ್ಡಿಲ್ಲ. ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಎಂಬ ಬೇರೆ ಕಾರ್ಯಾಚರಣಾ ವ್ಯವಸ್ಥೆ (ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ) ಹಾಕೋಣ ಅನ್ನುವವರಿಗಾಗಿ ಬರೆದ ಪುಟ ಇದು. ಕನ್ನಡದಲ್ಲಿ ಟೈಪ್ ಮಾಡುವವರು, ನುಡಿ ಅಥವಾ ಬರಹ ತಂತ್ರಾಂಶದ ಹಳೇ ಕಡತಗಳನ್ನು ಇಟ್ಟುಕೊಂಡಿರುವವರು ಇಲ್ಲಿನ ಒಂದೆರಡು ಉತ್ತರಗಳನ್ನು ದಯವಿಟ್ಟು ನಿಧಾನವಾಗಿ ಓದಿ. ಬದಲಾವಣೆಯಲ್ಲಿ ಜನ ಹೆಚ್ಚು ಒದ್ದಾಡುವುದು ಅಲ್ಲೇ.

ವಿಂಡೋಸ್ 10 ನಿಂತುಹೋಯ್ತು ಅಂತಾರೆ. ನನ್ನ ಕಂಪ್ಯೂಟರ್ ಚೆನ್ನಾಗೇ ನಡೀತಿದೆಯಲ್ಲ?

ನಡೆಯುತ್ತದೆ, ಇನ್ನು ಮುಂದೆಯೂ ನಡೆಯುತ್ತದೆ. 2015ರ ಜುಲೈನಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಬೆಂಬಲ ನಿಲ್ಲಿಸಿತು. ನಿಂತದ್ದು ಭದ್ರತೆಯ ಅಪ್‌ಡೇಟ್‌ಗಳು. ಅಂದರೆ ಆಮೇಲೆ ಕಂಡುಹಿಡಿದ ತೂತುಗಳನ್ನು ಯಾರೂ ಮುಚ್ಚುವುದಿಲ್ಲ. ಇಂಟರ್ನೆಟ್‌ಗೆ ಜೋಡಿಸದ ಕಂಪ್ಯೂಟರ್ ಆದರೆ ಅಷ್ಟೇನೂ ಚಿಂತೆ ಇಲ್ಲ. ಬ್ಯಾಂಕ್ ಕೆಲಸ, ಇಮೇಲ್ ಎಲ್ಲಾ ಅದರಲ್ಲೇ ಮಾಡುತ್ತೀರಿ ಅಂದರೆ ದಿನ ಕಳೆದ ಹಾಗೆ ಅಪಾಯ ಜಾಸ್ತಿ ಆಗುತ್ತದೆ.

ಮನೆ ಬಳಕೆದಾರರಿಗೆ ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಯನ್ನೂ ಮೈಕ್ರೋಸಾಫ್ಟ್ ಕೊಟ್ಟಿತು, 2026ರ ಅಕ್ಟೋಬರ್ 13ರ ವರೆಗೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟಿಂಗ್ಸ್ ಬ್ಯಾಕಪ್ ಒಪ್ಪಿಕೊಂಡರೆ ಅದಕ್ಕೆ ದುಡ್ಡು ಕೊಡಬೇಕಿಲ್ಲ. ಅವಸರದಲ್ಲಿ ಏನನ್ನೂ ಅಳಿಸದೆ ನಿಧಾನವಾಗಿ ತಯಾರಾಗುವುದಕ್ಕೆ ಇದು ಒಳ್ಳೆಯ ಅವಕಾಶ ಅಂತ ನಾನು ಹೇಳುತ್ತೇನೆ.

ಸರಿ, ವಿಂಡೋಸ್ 11 ಯಾಕೆ ಹಾಕೋಕಾಗಲ್ಲ?

ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್, ನಂಬಲರ್ಹ ತಂತ್ರಾಂಶ ಮಾತ್ರ ಶುರುವಾಗಲು ಬಿಡುವ ಸೆಕ್ಯೂರ್ ಬೂಟ್, ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಬೇಕು. ಇವೆಲ್ಲ ಇದ್ದರೂ ಪ್ರೊಸೆಸರ್ ಹಳೆಯದಾಗಿದ್ದರೆ ಒಪ್ಪುವುದಿಲ್ಲ. ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನಿಂದ ಈಚಿನದು ಇರಬೇಕು. ಹಾಗಾಗಿ 2016, 2017ರಲ್ಲಿ ಒಳ್ಳೇ ಬೆಲೆ ಕೊಟ್ಟು ತಂದ ಐ5, ಐ7 ಯಂತ್ರಗಳೂ ಪಟ್ಟಿಯಿಂದ ಹೊರಗೆ ಉಳಿದವು. ಯಂತ್ರ ಗಟ್ಟಿಯಾಗಿದೆ, ಕೀಬೋರ್ಡ್ ಚೆನ್ನಾಗಿದೆ, ಪರದೆ ಚೆನ್ನಾಗಿದೆ. ಅದನ್ನು ಗುಜರಿಗೆ ಹಾಕೋದು ಯಾಕೆ ಹೇಳಿ?

ಈ ನಿಯಮಗಳನ್ನು ತಪ್ಪಿಸಿ ವಿಂಡೋಸ್ 11 ಹಾಕುವ ಉಪಾಯಗಳನ್ನು ಕೆಲವರು ಹೇಳಿಕೊಡುತ್ತಾರೆ. ಅಂಥ ಕಂಪ್ಯೂಟರ್‌ಗೆ ಮುಂದೆ ಅಪ್‌ಡೇಟ್ ಬಂದೇ ಬರುತ್ತದೆ ಅಂತ ಮೈಕ್ರೋಸಾಫ್ಟ್ ಮಾತು ಕೊಡುವುದಿಲ್ಲ. ನಾನಂತೂ ಆ ದಾರಿ ಹೇಳುವುದಿಲ್ಲ.

ಲಿನಕ್ಸ್ ನಿಜವಾಗಲೂ ಉಚಿತವಾ? ಹಿಂದೆ ಯಾರಿದ್ದಾರೆ?

ಉಚಿತ. ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಇದರ ತಿರುಳನ್ನು ಬರೆಯಲು ಶುರು ಮಾಡಿದರು. ಅದಕ್ಕೂ ಮೊದಲೇ, 1983ರಲ್ಲಿ, ರಿಚರ್ಡ್ ಸ್ಟಾಲ್ಮನ್ ಮುಕ್ತ ತಂತ್ರಾಂಶದ ಗ್ನೂ ಯೋಜನೆ ಆರಂಭಿಸಿದ್ದರು. ಎರಡೂ ಸೇರಿ ಈಗಿನ ರೂಪ ಬಂತು. ಯಾರು ಬೇಕಾದರೂ ಬಳಸಬಹುದು, ಹಂಚಬಹುದು, ತಿದ್ದಬಹುದು. ನಿಮ್ಮ ಆಂಡ್ರಾಯ್ಡ್ ಫೋನಿನ ಒಳಗೂ ಇದೇ ಲಿನಕ್ಸ್ ತಿರುಳಿದೆ. ಹಾಗಾಗಿ ನೀವು ಇದನ್ನು ಆಗಲೇ ದಿನವಿಡೀ ಬಳಸುತ್ತಿದ್ದೀರಿ.

ನೂರಾರು ಲಿನಕ್ಸ್‌ಗಳಿವೆ. ಯಾವುದು ಹಾಕಲಿ?

ಲಿನಕ್ಸ್ ಮಿಂಟ್. ವಿಂಡೋಸ್‌ನಿಂದ ಬರುವವರಿಗೆ ನನ್ನ ಉತ್ತರ ಇದೊಂದೇ. ಕೆಳಗೆ ಪಟ್ಟಿ, ಎಡಗಡೆ ಮೆನು, ಬಲಗಡೆ ಗಡಿಯಾರ. ಕೈಗೆ ಹೊಸದೇನೂ ಅನಿಸುವುದಿಲ್ಲ. 2006ರಿಂದ ನಡೆದುಕೊಂಡು ಬಂದಿದೆ, ದೇಣಿಗೆ ಮತ್ತು ಪ್ರಾಯೋಜಕರಿಂದ ನಿಂತಿದೆ. ಅದರ 22ನೇ ಸರಣಿಗೆ 2029ರ ವರೆಗೆ ಅಪ್‌ಡೇಟ್ ಇದೆ.

ಮಿಂಟ್‌ನಲ್ಲೂ ಮೂರು ಬಗೆ. 8 ಜಿಬಿ ರ‍್ಯಾಮ್ ಇದ್ದರೆ ಸಿನಮನ್ ಹಾಕಿ. 4 ಜಿಬಿ ಇದ್ದರೆ ಎಕ್ಸ್‌ಎಫ್‌ಸಿಇ ಹಗುರ. ಮಾಟೆ ಇವೆರಡರ ನಡುವಿನದು. ಉಬುಂಟು, ಫೆಡೋರಾ, ಡೆಬಿಯನ್ ಎಲ್ಲವೂ ಒಳ್ಳೆಯವೇ. ಆದರೆ ಮೊದಲ ವರ್ಷ ಹೋಲಿಕೆ ಮಾಡುತ್ತಾ ಕೂರಬೇಡಿ. ಒಂದನ್ನು ಹಿಡಿದು ಕೆಲಸ ಶುರು ಮಾಡಿ.

ಯಾರು ಬದಲಾಯಿಸಬಾರದು?

ಈ ಪ್ರಶ್ನೆಯನ್ನು ಜನ ಕೇಳುವುದು ಕಡಿಮೆ, ಕೇಳಬೇಕಾದ್ದು ಇದೇ. ಲಿನಕ್ಸ್ ಮೇಲಿನ ಪ್ರೀತಿಗೆ ನಿಮ್ಮ ಹೊಟ್ಟೆಪಾಡು ಕೆಡಬಾರದು.

ಟ್ಯಾಲಿ ನಿಮ್ಮ ದಿನದ ಕೆಲಸವಾದರೆ ಆ ಕಂಪ್ಯೂಟರನ್ನು ವಿಂಡೋಸ್‌ನಲ್ಲೇ ಇಡಿ. ಟ್ಯಾಲಿಗೆ ಲಿನಕ್ಸ್ ಆವೃತ್ತಿ ಇಲ್ಲ. ಆಟೋಕ್ಯಾಡ್, ಫೋಟೋಶಾಪ್, ಕೋರೆಲ್‌ಡ್ರಾ, ಪೇಜ್‌ಮೇಕರ್‌ಗೂ ಇಲ್ಲ. ಆಧಾರ್ ಬೆರಳಚ್ಚು ಯಂತ್ರ ಇಟ್ಟುಕೊಂಡು ಸೇವಾ ಕೇಂದ್ರ ನಡೆಸುವವರು ಸದ್ಯಕ್ಕೆ ಈ ಕಡೆ ಬರುವುದು ಬೇಡ. ಆ ಯಂತ್ರಗಳ ತಂತ್ರಾಂಶ ವಿಂಡೋಸ್ ಮತ್ತು ಆಂಡ್ರಾಯ್ಡ್ ನೆಚ್ಚಿಕೊಂಡದ್ದು. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವ ಲೆಕ್ಕಪರಿಶೋಧಕರು, ಗುತ್ತಿಗೆದಾರರು ತಮ್ಮ ಟೋಕನ್‌ಗೆ ಲಿನಕ್ಸ್ ಡ್ರೈವರ್ (ಅದನ್ನು ನಡೆಸುವ ತಂತ್ರಾಂಶ) ಇದೆಯಾ, ತಾವು ಬಳಸುವ ಪೋರ್ಟಲ್ ಅದನ್ನು ಒಪ್ಪುತ್ತದಾ ಅಂತ ಮೊದಲು ಕೇಳಿಕೊಳ್ಳಿ. ವ್ಯಾಲೊರಂಟ್‌ನಂಥ ಆಟಗಳು ಓಡುವುದಿಲ್ಲ, ಅವುಗಳ ಮೋಸತಡೆ ತಂತ್ರಾಂಶಕ್ಕೆ ವಿಂಡೋಸೇ ಬೇಕು.

ವೈನ್ ಎಂಬ ತಂತ್ರಾಂಶ 1993ರಿಂದ ಬೆಳೆಯುತ್ತಿದೆ, ಅದರಿಂದ ಹಲವು ವಿಂಡೋಸ್ ಪ್ರೋಗ್ರಾಂಗಳು ಲಿನಕ್ಸ್‌ನಲ್ಲಿ ಓಡುತ್ತವೆ. ಚಿಕ್ಕಪುಟ್ಟ ಪ್ರೋಗ್ರಾಂಗಳಿಗೆ ಒಳ್ಳೆಯದು. ಅನ್ನ ಕೊಡುವ ಪ್ರೋಗ್ರಾಂ ಅನ್ನು ಅದರ ಮೇಲೆ ನಿಲ್ಲಿಸಬೇಡಿ.

ಬ್ರೌಸರ್, ಇಮೇಲ್, ಬರವಣಿಗೆ, ಲೆಕ್ಕದ ಹಾಳೆ, ವೀಡಿಯೊ ನೋಡೋದು, ಆನ್‌ಲೈನ್ ತರಗತಿ, ಪ್ರೋಗ್ರಾಮಿಂಗ್ ಕಲಿಕೆ. ನಿಮ್ಮ ಕೆಲಸ ಇಷ್ಟೇ ಆದರೆ ಧೈರ್ಯವಾಗಿ ಬನ್ನಿ.

ಹಾಕುವ ಮೊದಲು ಏನೇನು ಮಾಡಿಕೊಳ್ಳಬೇಕು?

ಒಂದು ಹಾಳೆ ತೆಗೆದುಕೊಂಡು ಒಂದು ವಾರ ನೀವು ಕಂಪ್ಯೂಟರ್‌ನಲ್ಲಿ ತೆರೆಯುವ ಪ್ರತಿಯೊಂದು ಪ್ರೋಗ್ರಾಂ ಬರೆದಿಡಿ. ನೆನಪಿನಿಂದ ಬರೆದರೆ ತಪ್ಪಿಹೋಗುತ್ತವೆ. ತಿಂಗಳಿಗೊಮ್ಮೆ ಬಳಸುವ ಸ್ಕ್ಯಾನರ್, ವರ್ಷಕ್ಕೊಮ್ಮೆ ತೆರಿಗೆಗೆ ಬಳಸುವ ಏನೋ ಒಂದು, ಇಂಥವೇ ಆಮೇಲೆ ಕಾಡುವುದು.

ಎರಡನೆಯದು, ವಿಂಡೋಸ್‌ನಲ್ಲಿ ಇರುವಾಗಲೇ ಬರವಣಿಗೆ, ಲೆಕ್ಕಕ್ಕೆ ಲಿಬ್ರೆಆಫೀಸ್, ಬ್ರೌಸರ್ ಆಗಿ ಫೈರ್‌ಫಾಕ್ಸ್, ವೀಡಿಯೊಗೆ ವಿಎಲ್‌ಸಿ, ಇಮೇಲ್‌ಗೆ ಥಂಡರ್‌ಬರ್ಡ್ ಹಾಕಿಕೊಂಡು ಒಂದು ತಿಂಗಳು ಅವುಗಳಲ್ಲೇ ಕೆಲಸ ಮಾಡಿ. ಇವೆಲ್ಲ ಎರಡೂ ಕಡೆ ಒಂದೇ ಥರ ಇರುತ್ತವೆ. ಪ್ರೋಗ್ರಾಂ ಮೊದಲು ಬದಲಾಗಲಿ, ಕೆಳಗಿನ ನೆಲ ಆಮೇಲೆ ಬದಲಾಗಲಿ. ಎರಡನ್ನೂ ಒಂದೇ ದಿನ ಬದಲಾಯಿಸಿದವರೇ ಬೇಸತ್ತು ವಾಪಸ್ ಹೋಗುವುದು.

ಮೂರನೆಯದು ಬ್ಯಾಕಪ್. ಹೊರಗಿನ ಹಾರ್ಡ್‌ಡಿಸ್ಕ್‌ಗೆ ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಜೊತೆ ಡೆಸ್ಕ್‌ಟಾಪನ್ನೂ ನಕಲು ಮಾಡಿ. ನಮ್ಮ ಜನ ಎಲ್ಲವನ್ನೂ ಡೆಸ್ಕ್‌ಟಾಪ್ ಮೇಲೇ ಇಡುತ್ತಾರೆ, ಅಲ್ವಾ? ಡಿ ಡ್ರೈವ್ ಕೂಡ ಮರೆಯಬೇಡಿ. ಇಡೀ ಡಿಸ್ಕ್ ಅಳಿಸಿ ಲಿನಕ್ಸ್ ಹಾಕಿದರೆ ಡಿ ಡ್ರೈವೂ ಹೋಗುತ್ತದೆ, ಯಾಕೆಂದರೆ ಸಿ, ಡಿ ಎರಡೂ ಸಾಮಾನ್ಯವಾಗಿ ಒಂದೇ ಡಿಸ್ಕಿನ ಎರಡು ಭಾಗ. ನಕಲು ಮಾಡಿದ ಮೇಲೆ ಆ ಹಾರ್ಡ್‌ಡಿಸ್ಕನ್ನು ಇನ್ನೊಂದು ಕಂಪ್ಯೂಟರ್‌ಗೆ ಹಾಕಿ ನಾಲ್ಕು ಫೋಟೊ, ನಾಲ್ಕು ಕಡತ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಂಬಬೇಡಿ.

ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನು ಖಾತೆಗೆ ಸಿಂಕ್ ಮಾಡಿಕೊಳ್ಳಿ. ಔಟ್‌ಲುಕ್‌ನಲ್ಲಿ ಹಳೆಯ ಮೇಲ್ ಇದ್ದರೆ ಅದರ ಪಿಎಸ್‌ಟಿ ಕಡತ ಎಲ್ಲಿದೆ ಹುಡುಕಿ, ಅದಕ್ಕೂ ಒಂದು ನಕಲು ಬೇಕು.

ಕೊನೆಯದಾಗಿ ಬಿಟ್‌ಲಾಕರ್. ಹಲವು ಲ್ಯಾಪ್‌ಟಾಪ್‌ಗಳಲ್ಲಿ ನಿಮಗೆ ಗೊತ್ತಿಲ್ಲದೆಯೇ ಡಿಸ್ಕ್‌ಗೆ ಬೀಗ ಬಿದ್ದಿರುತ್ತದೆ. ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗಿನ ಮೂಲ ಸೆಟಿಂಗ್ಸ್) ಏನಾದರೂ ಮುಟ್ಟಿದ ಕೂಡಲೇ 48 ಅಂಕಿಯ ಕೀ ಕೇಳುತ್ತದೆ. ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆದರೆ ಆ ಕೀ ಸಿಗುತ್ತದೆ. ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಂಡೇ ಮುಂದಿನ ಹೆಜ್ಜೆ ಇಡಿ.

ನುಡಿ, ಬರಹದಲ್ಲಿ ಮಾಡಿದ ನನ್ನ ಹಳೇ ಕಡತಗಳ ಗತಿ ಏನು?

ಮೊದಲು ನಿಮ್ಮ ಕಡತ ಯಾವ ಬಗೆಯದು ಅಂತ ನೋಡಿಕೊಳ್ಳಿ. ಕಡತವನ್ನು ತೆರೆದು ಒಂದು ಸಾಲು ನಕಲು ಮಾಡಿ, ವಾಟ್ಸಾಪ್‌ನಲ್ಲಿ ಅಂಟಿಸಿ. ಕನ್ನಡದಲ್ಲೇ ಬಂದರೆ ಅದು ಎಲ್ಲ ಕಡೆ ಓದಲು ಬರುವ ಯೂನಿಕೋಡ್, ನಿಮಗೆ ಯಾವ ಚಿಂತೆಯೂ ಇಲ್ಲ. ಹಾಗಲ್ಲದೆ "ಕನ್ನಡ" ಇರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟು ಹಾಕಿದ ಎ, ಪೌಂಡಿನ ಗುರುತು ಹೀಗೆ ವಿಚಿತ್ರ ಸಾಲು ಬಂದರೆ ಅದು ಹಳೆಯ ಆನ್ಸಿ ಕಡತ. ಆಸ್ಕಿ ಅಂತಲೂ ಕರೆಯುತ್ತಾರೆ. ಕಡತದ ಒಳಗೆ ಕನ್ನಡ ಅಕ್ಷರವೇ ಇಲ್ಲ, ಇಂಗ್ಲಿಷ್ ಚಿಹ್ನೆಗಳಿವೆ. ನುಡಿ ಫಾಂಟ್ ಅವುಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ತೋರಿಸುತ್ತಿತ್ತು ಅಷ್ಟೇ.

ಇಂಥ ಕಡತಗಳನ್ನು ವಿಂಡೋಸ್‌ನಲ್ಲಿ ಇರುವಾಗಲೇ ಯೂನಿಕೋಡ್‌ಗೆ ತನ್ನಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ನುಡಿಯಲ್ಲೂ ಬರಹದಲ್ಲೂ ಪರಿವರ್ತಕ ಇದೆ, ಬ್ರೌಸರ್‌ನಲ್ಲೇ ಓಡುವ ಪರಿವರ್ತಕಗಳೂ ಇವೆ. ಪರಿವರ್ತನೆ ಆದ ಮೇಲೆ ಮೂರು ಜಾಗ ಕಣ್ಣಿಟ್ಟು ನೋಡಿ: ಅರ್ಕಾವತ್ತು ಇರುವ ಪದಗಳು, ಎರಡು ಒತ್ತು ಬರುವ ಪದಗಳು, ಮತ್ತೆ ಕನ್ನಡದ ನಡುವೆ ಬಂದ ಇಂಗ್ಲಿಷ್ ಪದಗಳು. ಇಂಗ್ಲಿಷ್ ಪದಗಳನ್ನೂ ಪರಿವರ್ತಕ ಕನ್ನಡ ಅಂದುಕೊಂಡು ಕಲಸಿಬಿಡುತ್ತದೆ. ಕೋಷ್ಟಕಗಳಿದ್ದರೆ ಒಂದೊಂದಾಗಿ ನೋಡುವುದೇ ಸರಿ.

ಎಲ್ಲವನ್ನೂ ಪರಿವರ್ತಿಸಲು ಆಗದಷ್ಟು ಕಡತಗಳಿದ್ದರೆ? ಪ್ರತಿಯೊಂದಕ್ಕೂ ಪಿಡಿಎಫ್ ಮಾಡಿಡಿ, ಓದಲಂತೂ ಸಿಗುತ್ತದೆ. ಜೊತೆಗೆ ನುಡಿ, ಬರಹದ ಫಾಂಟ್ ಕಡತಗಳನ್ನು ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ನಿಂದ ಎತ್ತಿಟ್ಟುಕೊಳ್ಳಿ. ಅವನ್ನು ಲಿನಕ್ಸ್‌ಗೆ ಹಾಕಿದರೆ ಹಳೇ ಕಡತ ಲಿಬ್ರೆಆಫೀಸ್‌ನಲ್ಲಿ ಬಹುಮಟ್ಟಿಗೆ ಸರಿಯಾಗಿ ಕಾಣುತ್ತದೆ, ಮುದ್ರಿಸಲೂಬಹುದು. ತಿದ್ದಲು ಮಾತ್ರ ಕಷ್ಟ.

ಲಿನಕ್ಸ್‌ಗೆ ಬರದಿದ್ದರೂ ಈ ಕೆಲಸ ಮಾಡಿಕೊಳ್ಳಿ. ಆನ್ಸಿ ಕಡತದಲ್ಲಿ ಒಂದು ಹೆಸರು ಹುಡುಕಿದರೆ ಸಿಗುವುದಿಲ್ಲ, ಫೋನಿನಲ್ಲಿ ತೆರೆದರೆ ಓದಲಾಗುವುದಿಲ್ಲ. ಒಬ್ಬರು ಇಪ್ಪತ್ತು ವರ್ಷ ಕೂತು ಬರೆದ ಊರಿನ ಚರಿತ್ರೆ, ಮನೆಯ ವಂಶಾವಳಿ, ಸಂಘದ ನಡಾವಳಿ ಹೀಗೆ ಕಡತದೊಳಗೇ ಸಿಕ್ಕಿಕೊಂಡಿರುವುದನ್ನು ನೋಡಿದರೆ ನಿಜಕ್ಕೂ ಸಂಕಟ ಆಗುತ್ತದೆ.

ಲಿನಕ್ಸ್‌ನಲ್ಲಿ ಕನ್ನಡ ಟೈಪ್ ಮಾಡೋದು ಹೇಗೆ? ನುಡಿ ಕೀಲಿಮಣೆ ಸಿಗುತ್ತಾ?

ಸಿಗುತ್ತದೆ, ಅದೂ ಬೇರೆ ಏನೂ ಡೌನ್‌ಲೋಡ್ ಮಾಡದೆ. ಕೆ. ಪಿ. ರಾವ್ ಅವರು ರೂಪಿಸಿದ, ಕನ್ನಡ ಗಣಕ ಪರಿಷತ್ತಿನ ನುಡಿಯಿಂದ ಮನೆಮಾತಾದ ಆ ವಿನ್ಯಾಸವೇ ಇಲ್ಲಿ "ಕನ್ನಡ, ಕಗಪ, ಫೊನೆಟಿಕ್" ಎಂಬ ಹೆಸರಿನಲ್ಲಿದೆ. ಕೀಬೋರ್ಡ್ ಸೆಟಿಂಗ್ಸ್ ತೆರೆದು, ಲೇಔಟ್ಸ್‌ಗೆ ಹೋಗಿ, ಕೂಡಿಸುವ ಗುರುತು ಒತ್ತಿ ಇದನ್ನು ಆಯ್ದುಕೊಳ್ಳಿ. ಕೆಳಗಿನ ಪಟ್ಟಿಯಲ್ಲಿ ಭಾಷೆಯ ಗುರುತು ಬರುತ್ತದೆ. ಆಯ್ಕೆಗಳಲ್ಲಿ ಭಾಷೆ ಬದಲಿಸುವ ಕೀಲಿಯನ್ನೂ ನಿಮಗೆ ಬೇಕಾದ ಹಾಗೆ ಇಟ್ಟುಕೊಳ್ಳಬಹುದು.

ಒಂದು ಪದ ಟೈಪ್ ಮಾಡಿ ನೋಡಿ. ಕೆ, ಎನ್, ಎಫ್, ಎನ್, ಡಬ್ಲ್ಯು. ಕೆ ಒತ್ತಿದರೆ ಕ, ಎನ್ ಒತ್ತಿದರೆ ನ, ಎಫ್ ಒತ್ತಿದರೆ ಆ ನ ಅರ್ಧವಾಗಿ ನ್ ಆಗುತ್ತದೆ, ಮತ್ತೆ ಎನ್ ಒತ್ತಿದ ಕೂಡಲೇ ನ್ನ, ಡಬ್ಲ್ಯು ಒತ್ತಿದರೆ ಡ. ಕನ್ನಡ! ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಇದರಲ್ಲಿ ಕಲಿಯುವುದು ಏನೂ ಇಲ್ಲ. ಸ್ವರಗಳ ವಿಷಯದಲ್ಲಿ ಮಾತ್ರ ಸ್ವಲ್ಪ ವ್ಯತ್ಯಾಸ ಕಾಣಬಹುದು. ಅದು ಹಿಡಿಸದಿದ್ದರೆ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ (ಮಿಂಟ್‌ನ ತಂತ್ರಾಂಶದ ಅಂಗಡಿ) ಐಬಸ್ ಮತ್ತು ಐಬಸ್ ಎಂ17ಎನ್ ಎಂಬ ಟೈಪಿಂಗ್ ತಂತ್ರಾಂಶಗಳನ್ನು ಹಾಕಿಕೊಳ್ಳಿ. ಅದರಲ್ಲಿ ಕೆಜಿಪಿ ಹೆಸರಿನ ವಿನ್ಯಾಸ ಇದೆ, ಜೊತೆಗೆ ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ವಿನ್ಯಾಸವೂ ಇದೆ. ಎರಡನ್ನೂ ಹಾಕಿ ನೋಡಿ ಕೈಗೆ ಒಗ್ಗಿದ್ದನ್ನು ಇಟ್ಟುಕೊಳ್ಳಿ.

ಬರಹದಲ್ಲಿ ಇಂಗ್ಲಿಷ್ ಉಚ್ಚಾರದಂತೆ ಟೈಪ್ ಮಾಡಿ ಅಭ್ಯಾಸ ಇರುವವರಿಗೆ ಇದೇ ಎಂ17ಎನ್‌ನಲ್ಲಿ ಐಟ್ರಾನ್ಸ್ ಇದೆ. ಪೂರ್ತಿ ಬರಹದ ಹಾಗೇ ಇಲ್ಲ, ಕೆಲವು ಅಕ್ಷರಗಳ ಕೀಲಿ ಬೇರೆ. ನಾಲ್ಕು ದಿನ ಕೈ ತಡವರಿಸುತ್ತದೆ, ಆಮೇಲೆ ಹೊಂದಿಕೊಳ್ಳುತ್ತದೆ.

ಫಾಂಟ್‌ಗಳ ವಿಷಯ: ನೋಟೊ ಸಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ, ಲೋಹಿತ್, ಗುಬ್ಬಿ, ನವಿಲು ಇವೆಲ್ಲ ಉಚಿತವಾಗಿ ಸಿಗುತ್ತವೆ. ಉದ್ದ ಬರಹ ಓದಲು ನನಗೆ ನೋಟೊ ಸೆರಿಫ್ ಹಿತ.

ವರ್ಡ್, ಎಕ್ಸೆಲ್ ಕಡತಗಳು ತೆರೆದುಕೊಳ್ಳುತ್ತವಾ?

ತೆರೆದುಕೊಳ್ಳುತ್ತವೆ. ಮಿಂಟ್ ಜೊತೆಗೇ ಲಿಬ್ರೆಆಫೀಸ್ ಬರುತ್ತದೆ. ಪತ್ರ, ವರದಿ, ಮಾಮೂಲಿ ಲೆಕ್ಕದ ಹಾಳೆಗಳಿಗೆ ತೊಂದರೆ ಇಲ್ಲ. ಎಕ್ಸೆಲ್‌ನ ಮ್ಯಾಕ್ರೊಗಳು ಎಲ್ಲವೂ ಓಡುತ್ತವೆ ಅಂತ ಹೇಳಲಾರೆ. ಕನ್ನಡ ಕಡತಗಳಲ್ಲಿ ಒಂದು ವಿಶೇಷ ಗಮನಿಸಿ. ವಿಂಡೋಸ್‌ನಲ್ಲಿ ತುಂಗಾ ಅಥವಾ ನಿರ್ಮಲಾ ಫಾಂಟ್‌ನಲ್ಲಿ ಬರೆದದ್ದು ಇಲ್ಲಿ ಬೇರೆ ಫಾಂಟ್‌ನಲ್ಲಿ ಕಾಣುತ್ತದೆ. ಅಕ್ಷರದ ಅಗಲ ಬೇರೆ ಆದ್ದರಿಂದ ಸಾಲು ಮುರಿಯುವ ಜಾಗ ಬದಲಾಗಿ, ಹತ್ತು ಪುಟದ್ದು ಹನ್ನೊಂದು ಆಗುತ್ತದೆ. ಎರಡೂ ಕಡೆ ನೋಟೊ ಹಾಕಿಕೊಂಡು ಅದರಲ್ಲೇ ಬರೆದರೆ ಈ ಗೋಳು ಬಹಳಷ್ಟು ಕಡಿಮೆ. ಕಚೇರಿಗೆ ಕಳಿಸುವಾಗ ಪಿಡಿಎಫ್ ಕಳಿಸಿ.

ವರ್ಡ್‌ನಂತೆಯೇ ಕಾಣಬೇಕು ಅನ್ನುವವರು ಓನ್ಲಿಆಫೀಸ್ ನೋಡಬಹುದು. ಪೇಜ್‌ಮೇಕರ್ ಬದಲಿಗೆ ಸ್ಕ್ರೈಬಸ್ ಇದೆ. ಅದರ 1.6 ಆವೃತ್ತಿಯಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿ ಕೂರುತ್ತವೆ.

ಹಾರ್ಡ್‌ಡಿಸ್ಕ್ ಮುಟ್ಟದೆ ಸುಮ್ನೆ ಒಮ್ಮೆ ನೋಡಬಹುದಾ?

ನೋಡಲೇಬೇಕು. 8 ಜಿಬಿ ಪೆನ್‌ಡ್ರೈವ್ ಸಾಕು. ಮಿಂಟ್‌ನ ಅಧಿಕೃತ ತಾಣದಿಂದ ಐಎಸ್‌ಒ ಕಡತ (ಇಡೀ ಮಿಂಟ್ ಇರುವ ಒಂದೇ ಕಡತ) ಇಳಿಸಿಕೊಳ್ಳಿ, ರೂಫಸ್ ಅಥವಾ ಎಚರ್ ಎಂಬ ತಂತ್ರಾಂಶದಿಂದ ಪೆನ್‌ಡ್ರೈವ್‌ಗೆ ಬರೆಯಿರಿ. ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಹಾಡು, ಫೋಟೊ ಇದ್ದರೆ ಮೊದಲೇ ತೆಗೆದಿಡಿ. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಬೂಟ್ ಮೆನು ಕೀಲಿ ಒತ್ತಿ. ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್ಕೇಪ್.

ಈಗ ಪೆನ್‌ಡ್ರೈವ್‌ನಿಂದಲೇ ಪೂರ್ತಿ ಮಿಂಟ್ ಓಡುತ್ತದೆ. ವೈಫೈ ಸಿಕ್ಕಿತಾ, ಧ್ವನಿ ಬಂತಾ, ಕ್ಯಾಮೆರಾ, ಬ್ಲೂಟೂತ್, ಪರದೆಯ ಬೆಳಕು ಕಡಿಮೆ ಮಾಡುವ ಕೀಲಿ, ಮುಚ್ಚಿ ತೆರೆದರೆ ಎದ್ದುಕೊಳ್ಳುತ್ತದಾ, ಎಲ್ಲಾ ನೋಡಿ. ಕನ್ನಡ ಕೀಲಿಮಣೆಯನ್ನೂ ಇಲ್ಲೇ ಹಾಕಿ ನೋಡಬಹುದು. ಪೆನ್‌ಡ್ರೈವ್ ಆದ್ದರಿಂದ ಸ್ವಲ್ಪ ನಿಧಾನ, ಅದನ್ನು ನೋಡಿ ಲಿನಕ್ಸೇ ನಿಧಾನ ಅಂದುಕೊಳ್ಳಬೇಡಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ, ಡೆಲ್‌ನಲ್ಲಿ ಮುಖ್ಯವಾಗಿ, ಒಳಗಿನ ಡಿಸ್ಕ್ ಕಾಣಿಸದೇ ಹೋಗಬಹುದು. ಬಯಾಸ್‌ನಲ್ಲಿ ಡಿಸ್ಕಿನ ಸೆಟಿಂಗ್ ರೇಡ್ ಇರುವುದೇ ಇದಕ್ಕೆ ಕಾರಣ. ಅದನ್ನು ಎಎಚ್‌ಸಿಐ ಮಾಡಬೇಕು. ಹಾಗೆ ಬದಲಿಸಿದರೆ ಇರುವ ವಿಂಡೋಸ್ ಏಳದೇ ಹೋಗಬಹುದು, ಎರಡನ್ನೂ ಇಟ್ಟುಕೊಳ್ಳುವವರು ಮೊದಲೇ ತಿಳಿದವರನ್ನು ಕೇಳಿ.

ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಳ್ಳಬಹುದಾ?

ಇಟ್ಟುಕೊಳ್ಳಬಹುದು. ಮಿಂಟ್ ಹಾಕುವಾಗಲೇ "ವಿಂಡೋಸ್ ಪಕ್ಕದಲ್ಲಿ ಹಾಕು" ಎಂಬ ಆಯ್ಕೆ ಬರುತ್ತದೆ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಮೊದಲೇ 100 ಜಿಬಿಯಷ್ಟು ಜಾಗ ಬಿಡಿಸಿಟ್ಟುಕೊಂಡರೆ ಒಳ್ಳೆಯದು. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಲಿನಕ್ಸ್‌ನಿಂದ ಆ ಡ್ರೈವಿಗೆ ಬರೆಯಲು ಆಗುವುದಿಲ್ಲ.

ಎರಡೂ ಇದ್ದವರಿಗೆ ಕಾಣುವ ಇನ್ನೊಂದು ತಮಾಷೆಯ ತೊಂದರೆ ಗಡಿಯಾರ. ಲಿನಕ್ಸ್‌ನಿಂದ ವಿಂಡೋಸ್‌ಗೆ ಹೋದಾಗ ಸಮಯ ಐದೂವರೆ ಗಂಟೆ ಹಿಂದೆ ಇರುತ್ತದೆ. ಯಂತ್ರದೊಳಗಿನ ಗಡಿಯಾರವನ್ನು ಲಿನಕ್ಸ್ ಗ್ರೀನಿಚ್ ಸಮಯಕ್ಕೆ ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯ ಅಂತ ಓದುತ್ತದೆ. ಎರಡರ ನಡುವಿನ ಅಂತರ ಭಾರತದಲ್ಲಿ ಸರಿಯಾಗಿ 5 ಗಂಟೆ 30 ನಿಮಿಷ. ಬ್ಯಾಟರಿ ಹೋಗಿದೆ ಅಂತ ಅಂಗಡಿಗೆ ಓಡಬೇಡಿ. ಲಿನಕ್ಸ್‌ಗೂ ಸ್ಥಳೀಯ ಸಮಯವನ್ನೇ ಓದು ಅಂತ ಹೇಳಲು ಟರ್ಮಿನಲ್‌ನಲ್ಲಿ (ಆದೇಶ ಬರೆಯುವ ಕಪ್ಪು ಪರದೆ) ಒಂದು ಸಾಲು ಸಾಕು, "ಟೈಮ್‌ಡೇಟ್‌ಸಿಟಿಎಲ್" ಎಂದು ಹುಡುಕಿದರೆ ಸಿಗುತ್ತದೆ.

ನನ್ನ ಮೆಚ್ಚಿನ ದಾರಿ ಮಾತ್ರ ಇದಲ್ಲ. ಹಳೆಯ ಲ್ಯಾಪ್‌ಟಾಪ್‌ನಲ್ಲಿ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ಅದನ್ನು ಬಿಚ್ಚಿಸಿ, ಹೊಸ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿಸಿ, ಅದರ ಮೇಲೆ ಮಿಂಟ್ ಹಾಕಿ. ಹಳೇ ಡಿಸ್ಕನ್ನು ವಿಂಡೋಸ್ ಸಮೇತ ಹಾಗೇ ಬೀರುವಿನಲ್ಲಿಡಿ. ಏನೋ ಒಂದು ಕಡತ ಬಿಟ್ಟುಹೋಗಿದೆ ಅಂತ ಆರು ತಿಂಗಳ ಮೇಲೆ ನೆನಪಾದರೂ ಅಲ್ಲಿರುತ್ತದೆ. ವೇಗವಂತೂ ಕೇಳಲೇಬೇಡಿ. ಹಳೆಯ ಕಂಪ್ಯೂಟರ್ ಚುರುಕಾಗಲು ರ‍್ಯಾಮ್‌ಗಿಂತ, ಲಿನಕ್ಸ್‌ಗಿಂತ ಜಾಸ್ತಿ ನೆರವಾಗುವುದು ಎಸ್‌ಎಸ್‌ಡಿಯೇ.

ವೈಫೈ ಬರ್ತಿಲ್ಲ. ಈಗ ಇಂಟರ್ನೆಟ್ ಇಲ್ಲದೆ ಡ್ರೈವರ್ ಎಲ್ಲಿಂದ ತರಲಿ?

ನಿಮ್ಮ ಆಂಡ್ರಾಯ್ಡ್ ಫೋನನ್ನು ಕೇಬಲ್‌ನಿಂದ ಜೋಡಿಸಿ, ಫೋನಿನ ಸೆಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಕಂಪ್ಯೂಟರ್‌ಗೆ ಇಂಟರ್ನೆಟ್ ಬರುತ್ತದೆ. ಆಮೇಲೆ ಡ್ರೈವರ್ ಮ್ಯಾನೇಜರ್ ತೆರೆದರೆ ಬೇಕಾದ್ದನ್ನು ಅದೇ ಹುಡುಕಿ ಕೊಡುತ್ತದೆ. ಬ್ರಾಡ್‌ಕಾಮ್ ಮತ್ತು ಕೆಲವು ರಿಯಲ್‌ಟೆಕ್ ಚಿಪ್‌ಗಳಲ್ಲಿ ಈ ತೊಂದರೆ ಇದ್ದದ್ದೇ. ಎನ್‌ವಿಡಿಯಾ ಗ್ರಾಫಿಕ್ಸ್ ಇದ್ದರೂ ಡ್ರೈವರ್ ಇಲ್ಲಿಂದಲೇ ಹಾಕಿ.

ಸೆಕ್ಯೂರ್ ಬೂಟ್ ಆನ್ ಇದ್ದರೆ ಇಂಥ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳಿ, ಮುಂದಿನ ಸಲ ಶುರುವಾಗುವಾಗ ನೀಲಿ ಪರದೆ ತೋರಿಸುತ್ತದೆ. ಹೆದರಬೇಡಿ. "ಎನ್‌ರೋಲ್ ಎಂಒಕೆ" ಆಯ್ದು ಅದೇ ಪಾಸ್‌ವರ್ಡ್ ಕೊಟ್ಟರೆ ಮುಗಿಯಿತು.

ಪ್ರಿಂಟರ್?

ಎಚ್‌ಪಿ ಪ್ರಿಂಟರ್‌ಗಳು ಬಹುತೇಕ ಜೋಡಿಸಿದ ಕೂಡಲೇ ನಡೆಯುತ್ತವೆ. ಎಪ್ಸನ್, ಬ್ರದರ್ ತಮ್ಮ ತಾಣದಲ್ಲಿ ಲಿನಕ್ಸ್ ಡ್ರೈವರ್ ಕೊಡುತ್ತವೆ. ವೈಫೈ ಇರುವ ಈಚಿನ ಹೆಚ್ಚಿನ ಪ್ರಿಂಟರ್‌ಗಳು ಡ್ರೈವರ್ ಕೇಳುವುದೇ ಇಲ್ಲ. ಸಮಸ್ಯೆ ಇರುವುದು ನಮ್ಮ ಝೆರಾಕ್ಸ್ ಅಂಗಡಿ, ವಕೀಲರ ಕಚೇರಿಗಳಲ್ಲೆಲ್ಲ ಕಾಣುವ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್‌ದು. ಯಂತ್ರ ಗಟ್ಟಿಮುಟ್ಟು, ಆದರೆ ಅದರ ಲಿನಕ್ಸ್ ಡ್ರೈವರ್ ಬಹಳ ಹಳೆಯದು, ಹಾಕಲು ತಾಳ್ಮೆ ಬೇಕು. ಮುದ್ರಣವೇ ನಿಮ್ಮ ವ್ಯಾಪಾರವಾದರೆ ಇದೊಂದೇ ಕಾರಣಕ್ಕೆ ಆ ಕಂಪ್ಯೂಟರನ್ನು ಸದ್ಯಕ್ಕೆ ಬದಲಾಯಿಸಬೇಡಿ.

ಕಪ್ಪು ಪರದೆಯಲ್ಲಿ ಆದೇಶ ಬರೆಯೋದು ಕಲಿಯಲೇಬೇಕಾ?

ಬೇಕಿಲ್ಲ. ದಿನದ ಕೆಲಸಕ್ಕೆ ಟರ್ಮಿನಲ್ ಮುಟ್ಟುವ ಅಗತ್ಯ ಬರುವುದಿಲ್ಲ. ಗೊತ್ತಿರದ ಸಾಲನ್ನು ಎಲ್ಲಿಂದಲೋ ತಂದು ಟರ್ಮಿನಲ್‌ಗೆ ಅಂಟಿಸುವುದು ಮಾತ್ರ ಬೇಡ.

ತಂತ್ರಾಂಶ ಎಲ್ಲಿಂದ ಹಾಕಿಕೊಳ್ಳಬೇಕು? ವೈರಸ್ ಕಾಟ ಇರುತ್ತಾ?

ಫೋನಿನ ಪ್ಲೇಸ್ಟೋರ್ ಥರ ಇಲ್ಲಿ ಸಾಫ್ಟ್‌ವೇರ್ ಮ್ಯಾನೇಜರ್ ಇದೆ. ಮೊದಲು ಅಲ್ಲೇ ಹುಡುಕಿ. ಗೂಗಲ್‌ನಲ್ಲಿ ಹುಡುಕಿ, ಕಂಡ ಕಂಡ ತಾಣದಿಂದ ಇಳಿಸಿ ಹಾಕುವ ವಿಂಡೋಸ್ ಅಭ್ಯಾಸವನ್ನು ಬಿಟ್ಟುಬಿಡಿ. ಹಾಗೆ ಬಿಟ್ಟರೆ ಆ್ಯಂಟಿವೈರಸ್‌ಗೆ ವರ್ಷ ವರ್ಷ ದುಡ್ಡು ಕಟ್ಟುವ ಅಗತ್ಯ ಇರುವುದಿಲ್ಲ. ಅಪ್‌ಡೇಟ್ ಮ್ಯಾನೇಜರ್ ಕರೆದಾಗ ಅಪ್‌ಡೇಟ್ ಮಾಡಿ. ಮೊದಲ ದಿನವೇ ಟೈಮ್‌ಶಿಫ್ಟ್ ಆನ್ ಮಾಡಿಡಿ. ಅಪ್‌ಡೇಟ್ ಆದ ಮೇಲೆ ಏನಾದರೂ ಕೆಟ್ಟರೆ ಹಿಂದಿನ ದಿನದ ಸ್ಥಿತಿಗೆ ಅದು ಕರೆದುಕೊಂಡು ಹೋಗುತ್ತದೆ. ಅದು ಕಾಯುವುದು ವ್ಯವಸ್ಥೆಯನ್ನು, ನಿಮ್ಮ ಫೋಟೊಗಳನ್ನಲ್ಲ. ಫೋಟೊಗಳಿಗೆ ಬೇರೆ ಬ್ಯಾಕಪ್ ಬೇಕೇ ಬೇಕು.

ಬ್ಯಾಂಕ್ ಹೆಸರಿನಲ್ಲಿ ಬರುವ ಸುಳ್ಳು ಲಿಂಕು, ಒಟಿಪಿ ಕೇಳುವ ಕರೆ ಇವುಗಳಿಗೆ ಲಿನಕ್ಸ್ ಅಡ್ಡ ನಿಲ್ಲುವುದಿಲ್ಲ. ಅಲ್ಲಿ ನೀವೇ ಎಚ್ಚರ ಇರಬೇಕು.

ಅಪ್ಪ ಅಮ್ಮನ ಕಂಪ್ಯೂಟರ್‌ಗೆ ಹಾಕಿಕೊಡಬಹುದಾ?

ಖಂಡಿತ. ಯೂಟ್ಯೂಬ್, ಪತ್ರಿಕೆ ಓದೋದು, ಮಕ್ಕಳ ಜೊತೆ ವೀಡಿಯೊ ಕರೆ, ಬ್ಯಾಂಕ್ ಬಾಕಿ ನೋಡೋದು. ಅವರ ಕೆಲಸ ಬ್ರೌಸರ್‌ನಲ್ಲೇ ಮುಗಿಯುತ್ತದೆ. ಅಕ್ಷರ ದೊಡ್ಡದು ಮಾಡಿ, ಅವರು ಬಳಸುವ ನಾಲ್ಕು ಗುರುತುಗಳನ್ನು ಮಾತ್ರ ಕೆಳಗಿನ ಪಟ್ಟಿಯಲ್ಲಿ ಇಡಿ. ಫೈರ್‌ಫಾಕ್ಸ್ ಮತ್ತು ಲಿಬ್ರೆಆಫೀಸ್‌ನ ಮೆನುಗಳನ್ನು ಕನ್ನಡಕ್ಕೆ ತಿರುಗಿಸಬಹುದು. ಇಡೀ ಮಿಂಟ್ ಕನ್ನಡದಲ್ಲಿ ಕಾಣಬೇಕು ಅಂದರೆ ಅನುವಾದ ಇನ್ನೂ ಅರ್ಧಂಬರ್ಧ, ಕೆಲವು ಸಾಲು ಇಂಗ್ಲಿಷಿನಲ್ಲೇ ಉಳಿಯುತ್ತವೆ. ಈ ಅನುವಾದ ಮಾಡುವವರು ಸ್ವಯಂಸೇವಕರು. ಕನ್ನಡ ಬಲ್ಲ ಯಾರು ಬೇಕಾದರೂ ಕೈ ಜೋಡಿಸಬಹುದು, ಜೋಡಿಸಬೇಕು ಅಂತ ನನ್ನ ಆಸೆ.

ಮಕ್ಕಳ ಓದಿಗೆ ತೊಂದರೆ ಆಗುತ್ತಾ?

ಇಲ್ಲ. ಪಕ್ಕದ ಕೇರಳದಲ್ಲಿ ಕೈಟ್ ಎಂಬ ಸರ್ಕಾರಿ ಸಂಸ್ಥೆ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಕಲಿಕೆಯನ್ನು ಉಬುಂಟು ಆಧರಿಸಿದ ತನ್ನದೇ ಲಿನಕ್ಸ್‌ನಲ್ಲಿ ನಡೆಸುತ್ತಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ, ಕನ್ನಡದ ಪಠ್ಯಪುಸ್ತಕ ಇಟ್ಟುಕೊಂಡು ಕಲಿಯುತ್ತಾರೆ. ಗಣಿತಕ್ಕೆ ಜಿಯೋಜೀಬ್ರಾ, ಚಿತ್ರ ಬಿಡಿಸಲು ಇಂಕ್‌ಸ್ಕೇಪ್, ಪ್ರೋಗ್ರಾಮಿಂಗ್‌ಗೆ ಪೈಥಾನ್ ಎಲ್ಲವೂ ಮಿಂಟ್‌ನಲ್ಲಿ ಸಿಗುತ್ತವೆ. ಇಂಜಿನಿಯರಿಂಗ್‌ಗೆ ಹೋಗುವ ಮಕ್ಕಳಿಗೆ ಲಿನಕ್ಸ್ ಮೊದಲೇ ಗೊತ್ತಿದ್ದರೆ ಲಾಭವೇ. ಶಾಲೆಯವರು ಇಂಥದ್ದೇ ಪ್ರೋಗ್ರಾಂ ಬೇಕು ಅಂದಿದ್ದಾರಾ ಅಂತ ಒಮ್ಮೆ ಕೇಳಿಕೊಳ್ಳಿ, ಅಷ್ಟೇ.

ಹಿಡಿಸದಿದ್ದರೆ ವಾಪಸ್ ವಿಂಡೋಸ್‌ಗೆ ಬರಬಹುದಾ?

ಬರಬಹುದು. ಲ್ಯಾಪ್‌ಟಾಪ್ ಜೊತೆಗೇ ಬಂದ ವಿಂಡೋಸ್‌ನ ಪರವಾನಗಿ ಸಾಮಾನ್ಯವಾಗಿ ಮದರ್‌ಬೋರ್ಡ್‌ಗೇ ಅಂಟಿಕೊಂಡಿರುತ್ತದೆ. ಅದೇ ಆವೃತ್ತಿಯನ್ನು ಮತ್ತೆ ಹಾಕಿ ಇಂಟರ್ನೆಟ್‌ಗೆ ಜೋಡಿಸಿದರೆ ತಾನೇ ಸಕ್ರಿಯವಾಗುತ್ತದೆ. ವಿಂಡೋಸ್ ಹಾಕುವ ಪೆನ್‌ಡ್ರೈವ್ ಮಾಡಿಕೊಡುವ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ. ಹಾಗಾಗಿ ಲಿನಕ್ಸ್ ಹಾಕುವ ಮೊದಲೇ ಅಂಥದ್ದೊಂದು ಪೆನ್‌ಡ್ರೈವ್ ಮಾಡಿ, ಮೇಲೆ ಹೆಸರು ಬರೆದಿಟ್ಟುಕೊಳ್ಳಿ. ಹಳೇ ಡಿಸ್ಕನ್ನು ಬಿಚ್ಚಿಟ್ಟವರಿಗೆ ಇದೂ ಬೇಕಿಲ್ಲ, ಅದನ್ನೇ ಮತ್ತೆ ಹಾಕಿಸಿದರೆ ಆಯಿತು.